ಬೇಲೂರಿನ ಗೊಂಬೆ ಕೆಳಗೆ ಅಪ್ಪ-ಮಗನ ಸಹಿ

ಚಿಕ್ಕರಸಿನಕೆರೆಯಿಂದ ಮಾತಾಡ್ತಾ ಇದ್ದೀನಿ. ನಡುವೆ ಗಂಟೆ ಸದ್ದು ಕೇಳಿಸಿದ್ರೆ ಎಡಿಟಿಂಗ್ ತಪ್ಪು ಅಂದ್ಕೋಬೇಡಿ, ನಮ್ಮೂರ ಕಾಲಭೈರವೇಶ್ವರನ ಬಸಪ್ಪ ಬೀದಿಗೆ ಬಂದಿದ್ದಾನೆ ಅಂತ ಅರ್ಥ. ರೆಕಾರ್ಡಿಂಗ್ ನಡೀತಾ ಇದೆ, ಸ್ವಲ್ಪ ನಿಲ್ಲಪ್ಪ ಅಂತ ಬಸಪ್ಪನಿಗೆ ಹೇಳೋಕಾಗಲ್ಲ.

ಇವತ್ತು ಮೊದಲು ನನ್ನದೊಂದು ತಪ್ಪು ಒಪ್ಕೋಬೇಕು. ಈ ಪಾಡ್‌ಕಾಸ್ಟ್‌ನ ಮೊದಲನೇ ಎಪಿಸೋಡ್ ನೆನಪಿದೆಯಾ? ಬೇಲೂರಿನ ಬಗ್ಗೆ ಮಾಡಿದ್ದು. ಅದರಲ್ಲಿ ನಾನು ತುಂಬಾ ಜೋರಾಗಿ, ಹಿಂದೆ ಮ್ಯೂಸಿಕ್ ಎಲ್ಲಾ ಹಾಕಿ, ಬೇಲೂರಿನ ದೇವಸ್ಥಾನ ಕಟ್ಟಿದ್ದು ಅಮರಶಿಲ್ಪಿ ಜಕಣಾಚಾರಿ ಅಂತ ಹೇಳಿದ್ದೆ. ನಮ್ಮ ಅಜ್ಜಿ ಹೇಳಿದ ಕಥೆ ಅದು. ಅಜ್ಜಿಗೆ ಹೇಳಿದ್ದು ಸಿನಿಮಾ. 1964ರಲ್ಲಿ ಬಿ.ಎಸ್. ರಂಗ ಅವರು ತೆಗೆದ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರ, ಕಲ್ಯಾಣ್ ಕುಮಾರ್ ಮತ್ತು ಬಿ. ಸರೋಜಾದೇವಿ ಇರೋದು. ಅಜ್ಜಿ ಅದನ್ನ ಟೆಂಟ್‌ನಲ್ಲಿ ನೆಲದ ಮೇಲೆ ಕೂತು ನೋಡಿದ್ದು. ಸಾಯೋವರೆಗೂ ಅದರ ಬಣ್ಣದ ಬಗ್ಗೆ ಹೇಳ್ತಿದ್ಲು.

ಎಪಿಸೋಡ್ ಬಂದ ಎರಡು ದಿನಕ್ಕೆ ಮಳವಳ್ಳಿ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ವಾಯ್ಸ್ ನೋಟ್ ಕಳಿಸಿದ್ರು. ಬೈಯ್ಲಿಲ್ಲ. "ಮಗಾ, ಕಥೆ ಚೆನ್ನಾಗಿ ಹೇಳಿದ್ದೀಯ. ಆದ್ರೆ ಅಲ್ಲಿ ನಿಜವಾಗ್ಲೂ ಕೆತ್ತಿದವರು ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರಲ್ಲಪ್ಪ, ಅದರಲ್ಲಿ ಒಂದಾದ್ರೂ ಹೇಳಬಹುದಿತ್ತು" ಅಂದ್ರು. ಅಷ್ಟೇ. ಇಪ್ಪತ್ತು ಸೆಕೆಂಡು. ನಾನು ಅದನ್ನ ಹತ್ತು ಸಲ ಕೇಳಿರಬೇಕು.

ನನಗೆ ಯಾಕೆ ಅಷ್ಟು ಚುಚ್ಚಿತು ಅಂತ ಹೇಳಿಬಿಡ್ತೀನಿ. ನಮ್ಮಪ್ಪ ಗಾರೆ ಕೆಲಸದವರು. ಮದ್ದೂರಿನಿಂದ ಮಳವಳ್ಳಿವರೆಗೆ ಅಪ್ಪ ಕೈ ಹಾಕಿದ ಮನೆಗಳು ಎಷ್ಟಿವೆಯೋ ಲೆಕ್ಕ ಇಲ್ಲ. ಬೇಸಿಗೆ ರಜದಲ್ಲಿ ನಾನೂ ಕೈಯಾಳಾಗಿ ಹೋಗಿ ಸಿಮೆಂಟು ಕಲಸಿದ್ದೀನಿ. ಮನೆ ಮುಂದೆ ಸಿಮೆಂಟಿನಲ್ಲೇ ಇಸವಿ, ದೇವರ ಹೆಸರು, ಯಜಮಾನರ ಹೆಸರು ಎತ್ತಿ ಬರೆಯೋದು ನೋಡಿರ್ತೀರಲ್ಲ? ಆ ಅಕ್ಷರಗಳನ್ನ ಕರಣೆ ಮೂತಿಯಲ್ಲಿ ತಿದ್ದೋದ್ರಲ್ಲಿ ಅಪ್ಪ ಫೇಮಸ್ಸು. ಆ ಅಕ್ಷರ ಬರೆದವರ ಹೆಸರು ಮಾತ್ರ ಯಾವ ಗೋಡೆ ಮೇಲೂ ಇಲ್ಲ. ಇಂಥ ಅಪ್ಪನ ಮಗ ನಾನು, ಮೈಕ್ ಮುಂದೆ ಕೂತು, ಸಹಿ ಹಾಕಿ ಹೋದವರ ಹೆಸರನ್ನೂ ನುಂಗಿಬಿಟ್ಟಿದ್ದೆ.

ಹಾಗಾಗಿ ಈ ಎಪಿಸೋಡು ಒಂದು ಅಪ್ಪ-ಮಗನ ಬಗ್ಗೆ. ಹೆಸರು ದಾಸೋಜ. ಮಗನ ಹೆಸರು ಚಾವಣ. ಊರು ಬಳ್ಳಿಗಾವಿ.

ಬಳ್ಳಿಗಾವಿ ಈಗ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ಒಂದು ಹಳ್ಳಿ. ಆದ್ರೆ 1100ರ ಹೊತ್ತಿಗೆ ಅದು ದೊಡ್ಡ ಪಟ್ಟಣ. ಬನವಾಸಿ 12000 ಅಂತಿದ್ದ ಸೀಮೆಯ ರಾಜಧಾನಿ, ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದದ್ದು. ಮಠಗಳು, ದೇವಸ್ಥಾನಗಳು, ಅಂಗಡಿ ಬೀದಿಗಳು, ಇದೆಲ್ಲಾ ಇದ್ದ ಕಡೆ ಕಲ್ಲು ಕೆಲಸದವರಿಗೆ ಕೆಲಸ ಇದ್ದೇ ಇರುತ್ತೆ. ಇವತ್ತಿಗೂ ಅಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇವಸ್ಥಾನ ನೋಡಬಹುದು. ಅಂಥ ಊರಿನ ಅಪ್ಪ-ಮಗ ಬೇಲೂರಿಗೆ ಬರ್ತಾರೆ. ಯಾಕೆ? ದೊಡ್ಡ ಪ್ರಾಜೆಕ್ಟು ಶುರುವಾಗಿತ್ತು.

ಈ ಪ್ರಾಜೆಕ್ಟಿಗೂ ನಮ್ಮ ಸೀಮೆಗೂ ಒಂದು ಸಂಬಂಧ ಇದೆ. ಮಳವಳ್ಳಿ ದಾಟಿ ಹೊಳೆ ಕಡೆ ಹೋದ್ರೆ ತಲಕಾಡು ಸಿಗುತ್ತಲ್ಲ, ಅಲ್ಲಿ ಚೋಳರು ಕೂತಿದ್ರು. 1116ರ ಹೊತ್ತಿಗೆ ವಿಷ್ಣುವರ್ಧನ ಅವರನ್ನ ಓಡಿಸಿ 'ತಲಕಾಡುಗೊಂಡ' ಅಂತ ಬಿರುದು ಹಾಕ್ಕೊಂಡ. ಮಾರನೇ ವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಅದೇ ಇವತ್ತಿನ ಚೆನ್ನಕೇಶವ ದೇವಸ್ಥಾನ. ಆ ಗೆಲುವಿನ ನೆನಪಿಗೇ ಕಟ್ಟಿಸಿದ್ದು ಅಂತ ಹೇಳೋದುಂಟು. ಕಾಗದದ ಮೇಲೆ ವಿಷ್ಣುವರ್ಧನ ಆಗಿನ್ನೂ ಚಾಲುಕ್ಯರ ಸಾಮಂತ. ಯಜಮಾನನಿಗಿಂತ ಚೆನ್ನಾಗಿರೋ ಮನೆ ಕಟ್ಟಿಸಬೇಕು ಅನ್ನೋ ಆಸೆ ಯಾವ ಬಾಡಿಗೆದಾರನಿಗೆ ಇರಲ್ಲ ಹೇಳಿ? ಯಜಮಾನನ ಸೀಮೆಯಿಂದಲೇ ಒಳ್ಳೇ ಕೆಲಸಗಾರರು ಬಂದ್ರು.

ಬೇಲೂರಿಗೆ ಹೋದವರಿಗೆ ಗೊತ್ತು, ಸೂರಿನ ಕೆಳಗೆ, ಕಂಬದ ತಲೆಯಿಂದ ಮುಂದಕ್ಕೆ ಬಾಗಿ ನಿಂತ ಹೆಣ್ಣು ಗೊಂಬೆಗಳು. ಮದನಿಕೆ ಅಂತಾರೆ, ಶಿಲಾಬಾಲಿಕೆ ಅಂತಲೂ ಅಂತಾರೆ. ಹೊರಗೆ 38, ಒಳಗೆ 4, ಒಟ್ಟು 42. ಕನ್ನಡಿ ಹಿಡಿದವಳು, ಗಿಳಿ ಜೊತೆ ಮಾತಾಡೋಳು, ಬೇಟೆಗೆ ಹೊರಟವಳು, ಸೀರೆ ಎಳೆಯೋ ಕೋತಿಯನ್ನ ಓಡಿಸೋಳು. ಒಳಗಿನ ಒಬ್ಬಳ ಕೈ ಬಳೆ ಕಲ್ಲಿನದೇ ಆದ್ರೂ ಮೇಲೆ ಕೆಳಗೆ ಸರಿಯುತ್ತೆ. ಹೊರಗೆ ಒಬ್ಬಳ ತಲೆ ಮೇಲಿನ ಬಳ್ಳಿ ಕೆತ್ತನೆಯಲ್ಲಿ ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ನಾವು ಇನ್‌ಸ್ಟಾಗ್ರಾಂಗೆ ಹಾಕೋ ಬೇಲೂರಿನ ಫೋಟೋ ಎಲ್ಲಾ ಹೆಚ್ಚು ಕಮ್ಮಿ ಇವರದ್ದೇ.

ಈ ಗೊಂಬೆಗಳ ಕಾಲ ಕೆಳಗಿನ ಪೀಠ ನೋಡಿ. ಎಷ್ಟೋ ಕಡೆ ಒಂದು ಸಾಲು ಸಣ್ಣ ಅಕ್ಷರ ಇದೆ. ದೇವರ ನಾಮ ಅಲ್ಲ, ರಾಜನ ಬಿರುದೂ ಅಲ್ಲ. ಇದನ್ನ ಮಾಡಿದ್ದು ಇಂಥವನು ಅಂತ. ಅದರಲ್ಲಿ ಬಳ್ಳಿಗಾವಿಯ ದಾಸೋಜ ಇದ್ದಾನೆ. ಅವನ ಮಗ ಚಾವಣ ಇದ್ದಾನೆ. ಚಾವಣ ಸಹಿ ಮಾಡುವಾಗ ಅಪ್ಪನ ಹೆಸರನ್ನೂ ಸೇರಿಸ್ತಾನೆ. ಅಷ್ಟಕ್ಕೇ ನಿಲ್ಲಲ್ಲ, ಬಿರುದೂ ಹಾಕ್ಕೋತಾನೆ. ಅರ್ಥ ಏನಪ್ಪಾ ಅಂದ್ರೆ, ಬಿರುದು ಹೊತ್ತ ಬೇರೆ ಶಿಲ್ಪಿಗಳೆಲ್ಲಾ ಮನ್ಮಥ ಆದ್ರೆ ನಾನು ಶಿವ. ಶಿವ ಮನ್ಮಥನಿಗೆ ಏನು ಮಾಡಿದ ಅಂತ ಗೊತ್ತಲ್ಲ. ಸುಟ್ಟು ಬೂದಿ!

ಇದು ದೇವಸ್ಥಾನದ ಗೋಡೆ ಮೇಲೆ. ರಾಜ ದುಡ್ಡು ಕೊಟ್ಟು ಕಟ್ಟಿಸಿದ ಗುಡಿಯಲ್ಲಿ ಕೂಲಿಗೆ ಬಂದ ಶಿಲ್ಪಿ ಪಕ್ಕದ ಶಿಲ್ಪಿಗೆ ಡಿಸ್ ಟ್ರ್ಯಾಕ್ ಬಿಟ್ಟಿದ್ದಾನೆ, ಯಾರೂ ಅಳಿಸಿಲ್ಲ. ಇದು ಚಾವಣ ಒಬ್ಬನ ಜಂಭ ಅಲ್ಲ. ನೂರು ವರ್ಷದ ಮೇಲೆ ನುಗ್ಗೇಹಳ್ಳಿಯಲ್ಲಿ ಕೆಲಸ ಮಾಡಿದ ನಂದಿಯ ಬೈಚೋಜ ಅನ್ನೋನು, ಬಿರುದಿನ ಶಿಲ್ಪಿಗಳೆಂಬ ಬೆಟ್ಟಗಳಿಗೆ ನಾನು ಸಿಡಿಲು ಅಂತ ಬರ್ಕೊಂಡಿದ್ದಾನೆ. ಅಂದ್ರೆ ಪೈಪೋಟಿ ಇತ್ತು. ಯಾರ ಕೈಗೆ ಯಾವ ಗೊಂಬೆ ಅನ್ನೋ ಲೆಕ್ಕಾಚಾರ ಇತ್ತು. ಒಳ್ಳೇ ಹೆಸರಿದ್ರೆ ಮುಂದಿನ ಊರಿನಲ್ಲಿ ಕೆಲಸ.

ನಾನು ಬಿಕಾಂ ಓದಿದವನು, ನನಗೆ ಇದು ಬೇರೆ ಥರಾನೇ ಕಾಣುತ್ತೆ. ಸೆಕೆಂಡ್ ಇಯರ್‌ನಲ್ಲಿ ನಮಗೆ ಗುಡ್‌ವಿಲ್ ಅಂತ ಒಂದು ಚಾಪ್ಟರ್ ಇತ್ತು. ಅಂಗಡಿಯ ಮೇಜು ಕುರ್ಚಿಗೆ ಬೆಲೆ ಕಟ್ಟಬಹುದು, ಅಂಗಡಿ ಹೆಸರಿಗೆ ಎಷ್ಟು ಅಂತ ಕಟ್ತೀರಾ ಅನ್ನೋದು ಅದರ ಪ್ರಶ್ನೆ. ಚಾವಣ 'ದಾಸೋಜನ ಮಗ' ಅಂತ ಬರೆದಾಗ ಮಾಡಿದ್ದು ಅದೇ ಅಂತ ನನ್ನ ಲೆಕ್ಕ. ಅಪ್ಪನ ಹೆಸರು ಅವನಿಗೆ ಬಂದ ಆಸ್ತಿ. ಬರೀ ಭಕ್ತಿಯಿಂದ ಬರೆದ ಅಂತ ಹೇಳೋರೂ ಇರಬಹುದು. ಶಿವ-ಮನ್ಮಥ ಅಂತ ಬರ್ಕೊಂಡೋನ ಬಗ್ಗೆ ನನಗೆ ಆ ನಂಬಿಕೆ ಇಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು. ದಾಸೋಜ, ಮಲ್ಲೋಜ, ನಾಗೋಜ, ಬೈಚೋಜ, ಹಳೇಬೀಡಿನ ಕೇದಾರೋಜ. ಎಲ್ಲರ ಬಾಲದಲ್ಲೂ 'ಓಜ'. ಓಜ ಅಂದ್ರೆ ಗುರು, ಉಪಾಧ್ಯಾಯ ಅನ್ನೋ ಪದ ಸವೆದು ಆಗಿದ್ದು. ಅಂದ್ರೆ ಕಲ್ಲು ಕೆತ್ತೋನು ಆಗಿನ ಕಾಲಕ್ಕೆ ಮೇಷ್ಟ್ರು. ಹಾಗೇ ಸಹಿಯಲ್ಲಿ ಬರೋ 'ರೂವಾರಿ' ಅನ್ನೋ ಪದ. ರೂಪ ಕೊಡೋನು, ಶಿಲ್ಪಿ. ಈಗ ಆ ಪದ ಎಲ್ಲಿ ಕೇಳ್ತೀವಿ? ಟಿವಿ ನ್ಯೂಸ್‌ನಲ್ಲಿ. 'ಗೆಲುವಿನ ರೂವಾರಿ', 'ಯೋಜನೆಯ ರೂವಾರಿ'. ಅಲ್ಲಿ ರೂವಾರಿ ಅಂದ್ರೆ ಬಿಳಿ ಬಟ್ಟೆ ಹಾಕ್ಕೊಂಡು ಟೇಪು ಕತ್ತರಿಸೋರು. ಪದವನ್ನೂ ಕೆಲಸದವರ ಕೈಯಿಂದ ಕಿತ್ಕೊಂಡುಬಿಟ್ಟಿದ್ದೀವಿ.

ಸರಿ, ಜಕಣಾಚಾರಿ? ಕಥೆ ನಿಮಗೆ ಗೊತ್ತಿರುತ್ತೆ. ತುಮಕೂರು ಹತ್ತಿರದ ಕೈದಾಳದವನು, ಹೆಂಡತಿಯನ್ನ ಬಿಟ್ಟು ಊರೂರು ಅಲೆದು ಬೇಲೂರಿಗೆ ಬಂದ. ಹುಡುಕ್ಕೊಂಡು ಬಂದ ಮಗ ಡಂಕಣ, ಅಪ್ಪ ಅಂತ ಗೊತ್ತಿಲ್ಲದೆ, ನಿಮ್ಮ ವಿಗ್ರಹದ ಕಲ್ಲಲ್ಲಿ ದೋಷ ಇದೆ ಅಂದ. ಗಂಧ ಬಳಿದ್ರು, ಎಲ್ಲಾ ಕಡೆ ಒಣಗಿತು, ಹೊಕ್ಕುಳ ಹತ್ತಿರ ಒಣಗಲಿಲ್ಲ. ಅಲ್ಲಿ ಕುಟ್ಟಿದ್ರೆ ಮರಳು, ನೀರು, ಕಪ್ಪೆ. ಜಕಣಾಚಾರಿ ಮಾತಿಗೆ ತಪ್ಪದೆ ತನ್ನ ಬಲಗೈ ಕಡ್ಕೊಂಡ. ಕಪ್ಪೆ ಚೆನ್ನಿಗರಾಯ ಅಂತ ಅಲ್ಲಿ ಗುಡಿಯೇ ಇದೆ. ಒಳ್ಳೇ ಕಥೆ, ಇಲ್ಲ ಅನ್ನಲ್ಲ. ಸರ್ಕಾರ ಅವನ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ, ಜನವರಿ 1ಕ್ಕೆ ಸಂಸ್ಮರಣಾ ದಿನ ಮಾಡುತ್ತೆ. ಆದ್ರೆ ಬೇಲೂರಿನ ಸಹಿಗಳಲ್ಲಿ ಜಕಣಾಚಾರಿ ಇಲ್ಲ. ಡಂಕಣನೂ ಇಲ್ಲ. ಅಲ್ಲಿ ಇರೋ ಅಪ್ಪ-ಮಗ ದಾಸೋಜ-ಚಾವಣ. ಅವರ ಮೇಲೆ ಸಿನಿಮಾ ಇಲ್ಲ.

ನನಗೆ ಅನ್ನಿಸೋದು ಇಷ್ಟು. ಆ ಕಥೆಯಲ್ಲಿ ಅಪ್ಪ-ಮಗ ಒಬ್ಬರ ಮೇಲೊಬ್ಬರು ಪಂದ್ಯ ಕಟ್ತಾರೆ, ಕೈ ಹೋಗುತ್ತೆ, ರಕ್ತ ಬರುತ್ತೆ. ಕಲ್ಲಿನಲ್ಲಿ ಇರೋ ಅಪ್ಪ-ಮಗ ಬೆಳಿಗ್ಗೆ ಕೆಲಸಕ್ಕೆ ಬಂದು, ಒಂದೇ ಸೂರಿನ ಕೆಳಗೆ ಬೇರೆ ಬೇರೆ ಗೊಂಬೆ ಮುಗಿಸಿ, ತಮ್ಮ ತಮ್ಮ ಹೆಸರು ಬರೆದು ಹೋಗಿದ್ದಾರೆ. ಎರಡನೆಯದರಲ್ಲಿ ಡ್ರಾಮಾ ಕಮ್ಮಿ. ಅದಕ್ಕೇ ಮರೆತ್ವೇನೋ.

ಈಗ ಸ್ವಲ್ಪ ದೂರ, ಇಟಲಿಗೆ ಹೋಗಿ ಬರೋಣ. ಹೊಯ್ಸಳರ ಕುಸುರಿ ಕೆಲಸವನ್ನ ಯುರೋಪಿನ ಬರೋಕ್ ಶೈಲಿಗೆ ಹೋಲಿಸೋರಿದ್ದಾರೆ, ಎರಡರಲ್ಲೂ ಕಲ್ಲಿಗೆ ಸುಮ್ನೆ ನಿಲ್ಲೋಕೆ ಬರಲ್ಲ ಅಂತ. ಬರೋಕ್ ಬಂದಿದ್ದು ಬೇಲೂರಿನ 500 ವರ್ಷ ಆದ್ಮೇಲೆ. ಅಲ್ಲೂ ಒಂದು ಅಪ್ಪ-ಮಗನ ಜೋಡಿ ಇತ್ತು. ಅಪ್ಪ ಪಿಯೆತ್ರೊ ಬರ್ನಿನಿ, ಮಗ ಜಾನ್ ಲೊರೆಂಜೊ ಬರ್ನಿನಿ. ಅಪ್ಪನೂ ಕೆಲಸ ಹುಡುಕ್ಕೊಂಡು ನೇಪಲ್ಸ್‌ನಿಂದ ರೋಮ್‌ಗೆ ಬಂದವನೇ, ಮಗ ಅಪ್ಪನ ಪಕ್ಕದಲ್ಲೇ ಉಳಿ ಹಿಡಿದು ಕಲಿತವನು. ರೋಮ್‌ನಲ್ಲಿ ದೋಣಿ ಆಕಾರದ ಒಂದು ಕಾರಂಜಿ ಇದೆ, ಬಾರ್ಕಾಚಾ ಅಂತ, 1620ರ ದಶಕದ ಕೊನೆಯದು. ಅದರಲ್ಲಿ ಅಪ್ಪನದೆಷ್ಟು ಮಗನದೆಷ್ಟು ಅಂತ ಇವತ್ತಿಗೂ ಚರ್ಚೆ ಇದೆ. ಮಗ ಅಪ್ಪನನ್ನ ಮೀರಿಸಿ ಜಗತ್ಪ್ರಸಿದ್ಧ ಆದ.

ಆದ್ರೆ ನನ್ನ ಮನಸ್ಸಲ್ಲಿ ನಿಂತಿದ್ದು ಮೂರನೆಯವನು. ಬರ್ನಿನಿಯ 'ಅಪೋಲೊ ಮತ್ತು ದಾಫ್ನೆ' ಶಿಲ್ಪದ ವಿಡಿಯೊ ನಿಮ್ಮ ರೀಲ್ಸ್‌ನಲ್ಲಿ ಬಂದೇ ಇರುತ್ತೆ, 1622ರಿಂದ 25ರ ಒಳಗೆ ಮಾಡಿದ್ದು. ಓಡ್ತಾ ಇರೋ ಹುಡುಗಿ ಮರ ಆಗ್ತಾಳೆ, ಬೆರಳಲ್ಲಿ ಎಲೆ ಚಿಗುರುತ್ತೆ. ಹಿಂದೆ ಬೆಳಕು ಹಿಡಿದ್ರೆ ಆಚೆ ಕಾಣೋ ಅಷ್ಟು ತೆಳು ಆ ಅಮೃತಶಿಲೆ ಎಲೆಗಳು. ಅಂಥ ಎಲೆ, ಕಡ್ಡಿಗಳ ನಾಜೂಕಿನ ಕೆಲಸ ಮಾಡಿದ್ದು ಬರ್ನಿನಿ ಅಲ್ಲ, ಅವನ ಹತ್ತಿರ ಕೆಲಸಕ್ಕಿದ್ದ ಜೂಲಿಯಾನೊ ಫಿನೆಲ್ಲಿ ಅನ್ನೋನು. ಹೆಸರು ಬರ್ನಿನಿಗೆ ಹೋಯ್ತು. ಫಿನೆಲ್ಲಿ ಬೇಜಾರಾಗಿ ಕೆಲಸ ಬಿಟ್ಟು ಹೋದ. ಬೇಲೂರಿನಲ್ಲಿ ಅವನು ಇದ್ದಿದ್ರೆ ಆ ಎಲೆ ಕೆಳಗೆ ಒಂದು ಸಾಲು ಬರೀತಿದ್ದ ಅಂತ ನನಗೆ ಅನ್ನಿಸುತ್ತೆ.

ವಾಪಸ್ ನಮ್ಮ ಸೀಮೆಗೆ ಬರೋಣ. ಸಹಿ ನೋಡಬೇಕು ಅಂದ್ರೆ ಬೇಲೂರಿಗೇ ಹೋಗಬೇಕಿಲ್ಲ. ಇಲ್ಲಿಂದ ಬೈಕಿನಲ್ಲಿ ಹೊರಟ್ರೆ ಸೋಮನಾಥಪುರ ನೋಡ್ಕೊಂಡು ಸಂಜೆಯೊಳಗೆ ಮನೆಗೆ ಬರಬಹುದು. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದ ನಡುವೆ ಕಟ್ಟಿಸಿದ್ದು. ಅಲ್ಲಿ ಸುಮಾರು 40 ಶಿಲ್ಪಗಳ ಕೆಳಗೆ ಒಬ್ಬನೇ ಮನುಷ್ಯನ ಹೆಸರು, ಮಲ್ಲಿತಮ್ಮ. ಈ ಹೆಸರು ಹೇಳಿದ ತಕ್ಷಣ ಬೆಂಗಳೂರಿನ ನನ್ನ ಫ್ರೆಂಡು "ವಾವ್, ಲೇಡಿ ಶಿಲ್ಪಿ" ಅಂದ. ಅಲ್ಲ ಗುರು. ನಮ್ಮ ಕಡೆ ತಮ್ಮಯ್ಯ, ತಮ್ಮಣ್ಣ, ತಮ್ಮೇಗೌಡ ಇಲ್ವಾ, ಹಾಗೆ. ಅವನ ಜೊತೆ ಚೌಡೆಯ, ನಂಜೆಯ, ಮಸಣಿತಮ್ಮ ಅಂತ ಇನ್ನೂ ಕೆಲವರು. ಚೌಡಯ್ಯ, ನಂಜಯ್ಯ ಅಂದ್ರೆ ನಮ್ಮ ಬೀದಿಯಲ್ಲೇ ಇಬ್ಬಿಬ್ಬರು ತಿರುಗಿ ನೋಡ್ತಾರೆ.

ಮಲ್ಲಿತಮ್ಮನ ಹೆಸರು 1196ರ ಅಮೃತಪುರದಲ್ಲಿ ಸಿಗುತ್ತೆ, 1246ರ ನುಗ್ಗೇಹಳ್ಳಿಯಲ್ಲಿ ಸಿಗುತ್ತೆ, ಕೊನೆಗೆ ಸೋಮನಾಥಪುರದಲ್ಲಿ. ಅರವತ್ತು ವರ್ಷದ ಸರ್ವಿಸ್ ಆಯ್ತು. ಚಿಕ್ಕ ಹುಡುಗನಾಗಿದ್ದಾಗ ಶುರು ಮಾಡಿ ಮುದುಕನಾಗೋವರೆಗೂ ಕೆತ್ತಿದ್ನಾ, ಇಲ್ಲಾ ತಾತನ ಹೆಸರು ಮೊಮ್ಮಗನಿಗೆ ಇಡೋ ನಮ್ಮ ಪದ್ಧತಿ ಕೆಲಸ ಮಾಡಿದೆಯಾ ಅಂತ ನನಗೆ ಒಂದು ತರಲೆ ಅನುಮಾನ. ಒಬ್ಬನೇ ಅಂತಲೇ ಬರೆದಿರೋದು ಜಾಸ್ತಿ.

ಇಷ್ಟೆಲ್ಲಾ ನಾವು ಹೇಳೋಕಾಗಿರೋದು ಹೇಗೆ? ಯಾರೋ ಕೂತು ಓದಿದ್ರು. ಬಿ.ಎಲ್. ರೈಸ್ ಮತ್ತು ಅವರ ಜೊತೆ ಇದ್ದವರು ಮೈಸೂರು ಸೀಮೆಯ ಊರೂರಿನ ಶಾಸನ ಓದಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನ ತಂದ್ರು. ಆಮೇಲೆ ಆರ್. ನರಸಿಂಹಾಚಾರ್. 'ಕರ್ಣಾಟಕ ಕವಿಚರಿತೆ' ಬರೆದವರು ಅಂತ ಕನ್ನಡ ಎಂ.ಎ. ಮಾಡಿದವರಿಗೆ ಗೊತ್ತಿರುತ್ತೆ. ಶ್ರೀರಂಗಪಟ್ಟಣದ ಹತ್ತಿರದ ಕೊಪ್ಪಲಿನವರು, ಅಂದ್ರೆ ನಮ್ಮ ಮಂಡ್ಯ ಸೀಮೆಯವರೇ. ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದಾಗ ಸೋಮನಾಥಪುರದ ಮೇಲೆ 1917ರಲ್ಲಿ, ಬೇಲೂರಿನ ಮೇಲೆ 1919ರಲ್ಲಿ ಪುಸ್ತಕ ತಂದ್ರು. ಯಾವ ಗೊಂಬೆ ಯಾರದ್ದು ಅಂತ ಒಂದೊಂದಾಗಿ ಬರೆದ್ರು. ನಾನು ಮೊದಲನೇ ಎಪಿಸೋಡ್ ಮಾಡೋಕೆ ನೂರು ವರ್ಷ ಮೊದಲೇ ಈ ಪಟ್ಟಿ ರೆಡಿ ಇತ್ತು. ನಾನೇ ನೋಡಿರಲಿಲ್ಲ.

ಮೇಷ್ಟ್ರ ವಾಯ್ಸ್ ನೋಟ್ ಆದ್ಮೇಲೆ ಒಂದು ಭಾನುವಾರ ಅಪ್ಪನನ್ನ ಕರ್ಕೊಂಡು ಬೇಲೂರಿಗೆ ಹೋದೆ. ಮಂಡ್ಯ, ಹಾಸನ, ಬೇಲೂರು, ಬಸ್ಸಿನ ಮೇಲೆ ಬಸ್ಸು. ಅಪ್ಪ ಅಲ್ಲಿಗೆ ಹೋಗಿದ್ದು ಅದೇ ಮೊದಲು. ನಾನು ಫೋನಿನಲ್ಲಿ ಜೂಮ್ ಮಾಡಿ ಪೀಠದ ಅಕ್ಷರ ತೋರಿಸಿದೆ. ಹೊಯ್ಸಳರ ಕಾಲದ ಲಿಪಿ, ನನಗೆ ಪೂರ್ತಿ ಓದೋಕೆ ಬರಲ್ಲ, ಒಂದೆರಡು ಅಕ್ಷರ ಇದೇ ಇರಬೇಕು ಅನ್ನಿಸುತ್ತೆ. "ಅಪ್ಪ, ಅಲ್ ನೋಡು, ಕೆತ್ತಿದವರ ಹೆಸರು" ಅಂದೆ. ಅಪ್ಪ ಅಕ್ಷರ ನೋಡಲಿಲ್ಲ. ಗೊಂಬೆಯ ಮುಖವನ್ನೂ ನೋಡಲಿಲ್ಲ. ಗೊಂಬೆ ಮೇಲೂ ಕೆಳಗೂ ಎಲ್ಲಿ ಸೇರಿದೆ ಅಂತ ಸಂದು ನೋಡ್ತಾ ಇದ್ರು.

"ಇದ ಕೆಳಗೇ ಕೆತ್ತವ್ರೆ ಕಣ್ಲಾ. ಆಮೇಲೆ ಮ್ಯಾಕ್ ಏರ್ಸಿ ಸಂದೀಗ್ ಕೂರ್ಸವ್ರೆ. ಏರ್ಸುವಾಗ ಒಂದ್ ಬೆರಳ್ ಮುರುದ್ರೂ ಹೋಯ್ತು" ಅಂದ್ರು.

ನಿಜವೇ. ಮದನಿಕೆಗಳು ಕಂಬದ ಜೊತೆ ಕೆತ್ತಿದವಲ್ಲ, ಬೇರೆಯಾಗಿ ಮಾಡಿ ಮೇಲೆ ಕೂರಿಸಿದವು. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಅದಕ್ಕೇ ಅಷ್ಟು ಸಣ್ಣ ಕುಸುರಿ ಆಯ್ತು. ಅದೇ ಸಣ್ಣ ಕುಸುರಿ ಏರಿಸುವಾಗ ಎದೆ ಢವಢವ ಅನ್ನಿಸುತ್ತೆ. ಇದು ನಾನು ಓದಿದ ಯಾವ ಬ್ಲಾಗಿನಲ್ಲೂ ಇರಲಿಲ್ಲ, ಅಪ್ಪನಿಗೆ ನೋಡಿದ ಐದು ನಿಮಿಷಕ್ಕೆ ಹೊಳೆಯಿತು.

ಆಮೇಲೆ ಜಗುಲಿ ಮೇಲೆ ಕೂತು ಪುಳಿಯೋಗರೆ ತಿನ್ನುವಾಗ ನಾನು ದಾಸೋಜ-ಚಾವಣನ ಕಥೆ ಎಲ್ಲಾ ಹೇಳಿದೆ. ಖುಷಿ ಪಡ್ತಾರೆ ಅಂದ್ಕೊಂಡಿದ್ದೆ. ಅಪ್ಪ ಕೇಳಿದ್ದು ಇದು: "ಅದ್ ಸರಿ ಕಣ್ಲಾ. ಸಹಿ ಹಾಕಿರೋರು ಮೇಸ್ತ್ರಿಗಳು. ಕಲ್ಲ್ ಹೊತ್ಕಂಡ್ ಬಂದೋರು? ಹಗ್ಗ ಎಳ್ದೋರು? ಅವ್ರ್ ಹೆಸ್ರ್ ಎಲ್ ಬರ್ದವ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಪಿಸೋಡಿನ ಸ್ಕ್ರಿಪ್ಟ್ ಅಷ್ಟೊತ್ತಿಗೆ ಬರೆದಾಗಿತ್ತು, ಹೊಯ್ಸಳರ ಕಾಲದಲ್ಲಿ ಕೆಲಸದವರಿಗೆ ಎಷ್ಟು ಮರ್ಯಾದೆ ಇತ್ತು ನೋಡಿ ಅಂತ ಮುಗಿಸಿದ್ದೆ. ಆ ಸಾಲು ಹೊಡೆದುಹಾಕಿದೆ. ಸಹಿ ಹಾಕೋ ಹಕ್ಕೂ ಎಲ್ಲರಿಗೂ ಇರಲಿಲ್ಲ. ಓಜ ಅನ್ನಿಸ್ಕೊಂಡವರಿಗೆ, ಅಕ್ಷರ ಬಂದವರಿಗೆ, ಚಾವಣನ ಥರ ಅಪ್ಪನ ಹೆಸರಿದ್ದವರಿಗೆ ಇತ್ತು. ಶನಿವಾರ ಬಟವಾಡೆ ಇಸ್ಕೊಂಡು ಹೋಗೋರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮನೆ ಕಸುಬು ಈಗಲೂ ನಡೀತಿರೋ ಕಡೆ ನಡೀತಿದೆ. ಮೈಸೂರಿನ ಅರುಣ್ ಯೋಗಿರಾಜ್ ಎಂಬಿಎ ಓದಿ, ಸ್ವಲ್ಪ ದಿನ ಕಂಪನಿ ಕೆಲಸ ಮಾಡಿ, 2008ರಿಂದ ಪೂರ್ತಿ ಉಳಿ ಹಿಡಿದವರು. ಅಪ್ಪ ಯೋಗಿರಾಜ್, ತಾತ ಬಸವಣ್ಣ ಶಿಲ್ಪಿ, ಇಬ್ಬರೂ ಇದೇ ಕೆಲಸ. 2024ರ ಜನವರಿಯಲ್ಲಿ ಅಯೋಧ್ಯೆಯ ಬಾಲರಾಮನ ವಿಗ್ರಹ ಮಾಡಿದವರು ಅಂತ ಅವರ ಹೆಸರು ಎಲ್ಲರ ಫೋನಿಗೂ ಬಂತು. ವಿಗ್ರಹದ ಜೊತೆಗೇ ಶಿಲ್ಪಿಯ ಹೆಸರು ಅಷ್ಟು ಜನರ ಬಾಯಲ್ಲಿ ಬಂದಿದ್ದು ನನ್ನ ವಯಸ್ಸಿನವರು ನೋಡಿದ್ದು ಅದೇ ಮೊದಲು ಇರಬೇಕು. ಅದಕ್ಕೆ ನಾಲ್ಕು ತಿಂಗಳ ಮೊದಲು, 2023ರ ಸೆಪ್ಟೆಂಬರ್ 18ಕ್ಕೆ, ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಆವತ್ತು ನನಗೆ ಬಂದ ಅಷ್ಟೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ವಿಷ್ಣುವರ್ಧನ ಇದ್ದ, ಶಾಂತಲೆ ಇದ್ದಳು, ಜಕಣಾಚಾರಿ ಇದ್ದ.

ಮೊದಲನೇ ಎಪಿಸೋಡನ್ನ ನಾನು ಡಿಲೀಟ್ ಮಾಡಿಲ್ಲ. ಅಜ್ಜಿ ಕಥೆ ಅದು, ಇರಲಿ. ಶುರುವಿನಲ್ಲಿ ಹೊಸದಾಗಿ ನಲವತ್ತು ಸೆಕೆಂಡು ಸೇರಿಸಿದ್ದೀನಿ, ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜ ಅಂತ ಹೆಸರು ಓದಿದ್ದೀನಿ. ಮೇಷ್ಟ್ರಿಗೂ ಕಳಿಸಿದೆ. ಬರೀ ಒಂದು ಥಂಬ್ಸ್ ಅಪ್ ಬಂತು.

ಮುಂದಿನ ಸಲ ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿಗೆ. ಐದು ಲಿಂಗದ ಗುಡಿ ಅದು, ಅಲ್ಲೂ ನಮ್ಮ ಮಲ್ಲಿತಮ್ಮ ಕೆಲಸ ಮಾಡಿದ್ದಾನೆ. ಅಪ್ಪನೂ ಬರ್ತಾರಂತೆ. ರಸಮಟ್ಟ ತರ್ತೀನಿ, ಆ ಗೋಡೆ ಇನ್ನೂ ನೆಟ್ಟಗಿದೆಯಾ ನೋಡಬೇಕು ಅಂದಿದ್ದಾರೆ. ದೇವಸ್ಥಾನದ ಒಳಗೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ಬಸಪ್ಪ ಬಂದ, ಗಂಟೆ ಕೇಳಿಸ್ತಾ ಇದೆಯಲ್ಲ. ಇಲ್ಲಿಗೆ ನಿಲ್ಲಿಸ್ತೀನಿ.